ಮ್ಯಾಂಡೊಲಿನ್‌ನಲ್ಲಿ ಬ್ಲೂಗ್ರಾಸ್, ಜಾಝ್ ಎರಡೂ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಆರು ವರ್ಷ ಪಿಟೀಲು ಕಲಿತು, ಪಿಯುಸಿ ಬಂದಾಗ ಬಿಟ್ಟವನು ನಾನು. ಈಗ ಇರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಇಲ್ಲಿಗೆ ಬಂದ ಮೇಲೆ ನಾಲ್ಕು ಜೋಡಿ ತಂತಿಯ ಪುಟ್ಟ ವಾದ್ಯ ಮ್ಯಾಂಡೊಲಿನ್ ಹಿಡಿದೆ. ಮೊದಲು ಬ್ಲೂಗ್ರಾಸ್ (ಬ್ಯಾಂಜೊ, ಪಿಟೀಲು, ಗಿಟಾರ್ ಜೊತೆ ನುಡಿಸುವ ಅಮೆರಿಕದ ಹಳ್ಳಿಗಾಡಿನ ಸಂಗೀತ), ಆಮೇಲೆ ಜಾಝ್, ಈಗ ಎರಡೂ. ಕನ್ನಡದ ಗೆಳೆಯರು, ಅವರ ಮಕ್ಕಳು, ಊರಿಂದ ಫೋನ್ ಮಾಡುವ ತಮ್ಮಂದಿರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಎರಡನ್ನೂ ಒಟ್ಟಿಗೆ ಕಲಿಯಬಹುದಾ? ಯಾವುದು ಮೊದಲು?

ಒಟ್ಟಿಗೆ ಕಲಿಯಬಹುದು. ಆದರೆ ಮೊದಲ ಆರು ತಿಂಗಳು ಬ್ಲೂಗ್ರಾಸ್ ಕಡೆ ಜಾಸ್ತಿ ವಾಲಿ ಅಂತ ಹೇಳುತ್ತೇನೆ. ಬ್ಲೂಗ್ರಾಸ್ ನಿಮ್ಮ ಬಲಗೈಯನ್ನು ಸರಿ ಮಾಡುತ್ತದೆ. ಬಲಗೈ ಸರಿ ಇಲ್ಲದೆ ಜಾಝ್‌ಗೆ ಹೋದವರು ಎಷ್ಟು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕಲಿತರೂ ನುಡಿಸಿದ್ದು ಜಾಝ್ ಥರ ಕೇಳಿಸುವುದಿಲ್ಲ.

ಇನ್ನೊಂದು ವಿಷಯ. ಇವೆರಡನ್ನೂ ಸೋಮವಾರ ಗಣಿತ, ಮಂಗಳವಾರ ವಿಜ್ಞಾನ ಅನ್ನುವ ಹಾಗೆ ಬೇರೆ ಬೇರೆ ಇಡಬೇಡಿ. ಎಡಗೈ ಹಿಡಿಯುವ ಆಕಾರಗಳು ಎರಡರಲ್ಲೂ ಮುಕ್ಕಾಲು ಪಾಲು ಒಂದೇ. ಬದಲಾಗುವುದು ಬಲಗೈ, ಮತ್ತು ಸ್ವರವನ್ನು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು. ಇದು ನನಗೆ ಗೊತ್ತಾಗೋಕೆ ನಾಲ್ಕು ವರ್ಷ ಬೇಕಾಯಿತು.

ಹಳ್ಳಿಗಾಡಿನ ಬ್ಲೂಗ್ರಾಸಿಗೂ ಪಟ್ಟಣದ ಜಾಝಿಗೂ ಏನು ಸಂಬಂಧ?

ನಾನಿರುವ ರಾಜ್ಯವನ್ನೇ ನೋಡಿ. ಬ್ಲೂಗ್ರಾಸ್ ಬ್ಯಾಂಜೊವನ್ನು ಮೂರು ಬೆರಳಲ್ಲಿ ನುಡಿಸಿ ಹೆಸರು ಮಾಡಿದ ಅರ್ಲ್ ಸ್ಕ್ರಗ್ಸ್ ಹುಟ್ಟಿದ್ದು ಇಲ್ಲಿ, 1924ರಲ್ಲಿ. ಜಾಝ್‌ನ ಜಾನ್ ಕೋಲ್ಟ್ರೇನ್ ಹುಟ್ಟಿದ್ದೂ ಇಲ್ಲೇ, ಹ್ಯಾಮ್ಲೆಟ್ ಅನ್ನುವ ಊರಲ್ಲಿ, 1926ರಲ್ಲಿ. ಜಾಝ್ ಪಿಯಾನೊದ ಥೆಲೋನಿಯಸ್ ಮಂಕ್ ಕೂಡ ಈ ರಾಜ್ಯದವರೇ, ರಾಕಿ ಮೌಂಟ್‌ನವರು. ಒಂದೇ ನೆಲ, ಎರಡು ಬೆಳೆ.

ಬ್ಲೂಗ್ರಾಸ್ ತುಂಬಾ ಹಳೆಯ ಜಾನಪದ ಅಂತ ಹಲವರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಕೆಂಟಕಿಯ ಬಿಲ್ ಮನ್ರೋ (1911-1996) ತಮ್ಮ ತಂಡಕ್ಕೆ 'ಬ್ಲೂ ಗ್ರಾಸ್ ಬಾಯ್ಸ್' ಅಂತ ಹೆಸರಿಟ್ಟಿದ್ದರು. 1945ರ ಕೊನೆಗೆ ಸ್ಕ್ರಗ್ಸ್ ಆ ತಂಡಕ್ಕೆ ಸೇರಿದರು. ಆಗ ಹುಟ್ಟಿದ ಸದ್ದಿಗೇ ಆಮೇಲೆ ತಂಡದ ಹೆಸರು ಅಂಟಿಕೊಂಡಿತು. ಮನ್ರೋ ಚಿಕ್ಕ ವಯಸ್ಸಿನಲ್ಲಿ ಆರ್ನಾಲ್ಡ್ ಶುಲ್ಟ್ಜ್ ಅನ್ನುವ ಕಪ್ಪು ಕಲಾವಿದರ ಗಿಟಾರ್, ಫಿಡ್ಲ್ (ಅಂದರೆ ಪಿಟೀಲು) ಕೇಳಿ ಬೆಳೆದವರು. ಮನ್ರೋ ನುಡಿಸಾಣಿಕೆಯಲ್ಲಿ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ) ಇರುವುದು ಅದಕ್ಕೇ. ಜಾಝ್‌ನಲ್ಲೂ ಬ್ಲೂಸ್ ಇದೆ. ಒಬ್ಬೊಬ್ಬರಾಗಿ ಸೋಲೊ ಎತ್ತಿಕೊಳ್ಳುವ ಪದ್ಧತಿ ಎರಡರಲ್ಲೂ ಇದೆ. ಇವು ದಾಯಾದಿಗಳು. ಹಬ್ಬದ ದಿನ ಮಾತಾಡುತ್ತಾರೆ, ಉಳಿದ ದಿನ ಮುಖ ತಿರುಗಿಸುತ್ತಾರೆ.

ಚಾಪ್ ಚಾಪ್ ಅಂತಾರಲ್ಲ, ಅದೇನು?

ಬ್ಲೂಗ್ರಾಸ್ ತಂಡದಲ್ಲಿ ಸಾಮಾನ್ಯವಾಗಿ ಡ್ರಮ್ ಇರುವುದಿಲ್ಲ. ಆ ಕೆಲಸ ಮ್ಯಾಂಡೊಲಿನ್‌ನದು. ನಾಲ್ಕು ಎಣಿಕೆಯಲ್ಲಿ 1 ಮತ್ತು 3 ತಗ್ಗು ಸ್ವರದ ದೊಡ್ಡ ವಾದ್ಯವಾದ ಬಾಸ್‌ಗೆ ಸೇರಿದ್ದು, 2 ಮತ್ತು 4 ನಿಮಗೆ. ಬೂಮ್-ಚಕ್-ಬೂಮ್-ಚಕ್ ಅಂದುಕೊಳ್ಳಿ. ಆ 'ಚಕ್' ಇದೆಯಲ್ಲ, ಅದೇ ಚಾಪ್.

ಮಾಡುವುದು ಹೀಗೆ. ದಪ್ಪ ತಂತಿಯಿಂದ ಸಣ್ಣ ತಂತಿಗೆ (ಜಿ, ಡಿ, ಎ, ಇ; ಇವು ಪಾಶ್ಚಾತ್ಯ ಸ್ವರಗಳ ಹೆಸರು) ಫ್ರೆಟ್ ಸಂಖ್ಯೆ ಬರೆಯುತ್ತೇನೆ. ಫ್ರೆಟ್ ಅಂದರೆ ವಾದ್ಯದ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ. ಜಿ ಕಾರ್ಡಿಗೆ 7-5-2-3. ಕಿರುಬೆರಳು 7ರಲ್ಲಿ, ಉಂಗುರದ ಬೆರಳು 5ರಲ್ಲಿ, ತೋರುಬೆರಳು 2ರಲ್ಲಿ, ನಡುಬೆರಳು 3ರಲ್ಲಿ. ಮೊದಲ ವಾರ ಕೈ ಬೈಯುತ್ತದೆ, ಬೈಯಲಿ. ಬಲಗೈಯಲ್ಲಿ ನಾಲ್ಕೂ ಜೋಡಿ ತಂತಿಗಳನ್ನು ಒಂದೇ ಏಟಿಗೆ ಮೇಲಿಂದ ಕೆಳಗೆ ಹೊಡೆಯಿರಿ. ಹೊಡೆದ ತಕ್ಷಣ ಎಡಗೈ ಒತ್ತು ಸಡಿಲಿಸಿ. ಬೆರಳು ತಂತಿಯ ಮೇಲೇ ಇರಬೇಕು, ಆದರೆ ಒತ್ತಬಾರದು. ಸದ್ದು ಅಲ್ಲಿಗೆ ಕತ್ತರಿಸಿ ಬೀಳುತ್ತದೆ. ಒಣಗಿದ ತೆಂಗಿನ ಗರಿಯನ್ನು ಮಚ್ಚಿನಲ್ಲಿ ಕೊಚ್ಚಿದ ಹಾಗೆ ಕೇಳಿಸಿದರೆ ಸರಿ ಬಂತು ಅಂತ ಅರ್ಥ.

ತುಂಬಾ ಜನ ಮಾಡುವ ತಪ್ಪು ಬೆರಳನ್ನು ಪೂರ್ತಿ ಎತ್ತಿಬಿಡುವುದು. ಆಗ ಖಾಲಿ ತಂತಿಗಳು 'ಝಂಯ್' ಅಂತ ಉಳಿದುಕೊಳ್ಳುತ್ತವೆ. ಇನ್ನೊಂದು ತಪ್ಪು ಜೋರಾಗಿ ಹೊಡೆಯುವುದು. ಚಾಪ್ ಜೋರಾಗಿ ಇರಬೇಕಿಲ್ಲ, ಸರಿಯಾದ ಜಾಗಕ್ಕೆ ಬೀಳಬೇಕು, ಅಷ್ಟೆ.

ಈ ಚಾಪ್ ಕಾರ್ಡಿನಿಂದ ಜಾಝ್ ಕಾರ್ಡಿಗೆ ಹೋಗೋಕೆ ದಾರಿ ಇದೆಯಾ?

ಇದೆ. ನನಗೆ ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಅದೇ 7-5-2-3 ಹಿಡಿಯಿರಿ. ಸಣ್ಣ ತಂತಿಯಲ್ಲಿ, ಅಂದರೆ ಇ ತಂತಿಯಲ್ಲಿ, 3ನೇ ಫ್ರೆಟ್‌ನಲ್ಲಿರುವುದು ಜಿ ಸ್ವರ. ಅದನ್ನು ಒಂದು ಫ್ರೆಟ್ ಇಳಿಸಿ 2ಕ್ಕೆ ತನ್ನಿ. ಜಿ ಮೇಜರ್ ಸೆವೆನ್ತ್ ಆಯಿತು. ಇನ್ನೊಂದು ಇಳಿಸಿ 1ಕ್ಕೆ ತನ್ನಿ. ಜಿ ಸೆವೆನ್ತ್ ಆಯಿತು. ಇನ್ನೂ ಇಳಿಸಿ ಖಾಲಿ ಬಿಟ್ಟರೆ ಜಿ ಸಿಕ್ಸ್ತ್. ಒಂದೇ ತಂತಿ, ನಾಲ್ಕು ಹೆಜ್ಜೆ, ನಾಲ್ಕು ಬಣ್ಣ. ಬೆರಳು ಅಷ್ಟು ದೂರ ಚಾಚಲಾಗದಿದ್ದರೆ ದಪ್ಪ ತಂತಿಯ 7 ಬಿಟ್ಟುಬಿಡಿ. ಉಳಿದ ಮೂರು ತಂತಿಗಳೇ ಸಾಕು: 5-2-2, 5-2-1, 5-2-0.

ಮೂರು ಸ್ವರದ ಕಾರ್ಡ್ ಅರ್ಧಂಬರ್ಧ ಅಲ್ಲವೇ ಅಂತ ಅನುಮಾನ ಬೇಡ. ಬಾಸ್ ಇದ್ದರೆ ಷಡ್ಜ ಅವರು ನುಡಿಸುತ್ತಾರೆ. ನೀವು ಕಾರ್ಡಿನ ಗುಣ ಹೇಳುವ ಸ್ವರಗಳನ್ನು ಹೇಳಿದರೆ ಸಾಕು. ಕೌಂಟ್ ಬೇಸಿ ಅವರ ಜಾಝ್ ತಂಡದಲ್ಲಿ ಫ್ರೆಡಿ ಗ್ರೀನ್ 1937ರಿಂದ ಐವತ್ತು ವರ್ಷ ಗಿಟಾರ್ ನುಡಿಸಿದರು. ಎಣಿಕೆಗೆ ಒಂದರಂತೆ ನಾಲ್ಕು ಏಟು, ಕಾರ್ಡಿನಲ್ಲಿ ಬೆರಳೆಣಿಕೆಯ ಸ್ವರ. ಅಷ್ಟರಲ್ಲೇ ಇಡೀ ತಂಡವನ್ನು ಎತ್ತಿ ನಡೆಸಿದರು.

ಹಾಗಾದರೆ ಬ್ಲೂಗ್ರಾಸ್ ಚಾಪ್‌ಗೂ ಜಾಝ್ ಏಟಿಗೂ ಏನು ವ್ಯತ್ಯಾಸ? ಚಾಪ್ 2 ಮತ್ತು 4ರಲ್ಲಿ ಮಾತ್ರ, ತೀರಾ ಚಿಕ್ಕದು. ಜಾಝ್‌ನಲ್ಲಿ ನಾಲ್ಕೂ ಎಣಿಕೆಗೆ ಏಟು ಬೀಳಬಹುದು, ಸದ್ದು ಚೂರು ಉದ್ದ, ಮೆತ್ತಗೆ. ಕಾರ್ಡ್ ಬದಲಿಸದೆ ಒಂದು ನಿಮಿಷ ಚಾಪ್, ಒಂದು ನಿಮಿಷ ನಾಲ್ಕೇಟು ಹೊಡೆಯಿರಿ. ಕಿವಿಗೆ ತಾನಾಗಿ ತಿಳಿಯುತ್ತದೆ.

ಜಾಝ್‌ನವರು 'ಎರಡು-ಐದು-ಒಂದು' ಅಂತ ಮಂತ್ರ ಹೇಳ್ತಾರಲ್ಲ?

ಸ್ಕೇಲಿನ (ಸರಿಗಮದಂತೆ ಏರುವ ಸ್ವರಗಳ ಸಾಲಿನ) ಎರಡನೇ, ಐದನೇ, ಒಂದನೇ ಸ್ವರಗಳ ಮೇಲೆ ಕಟ್ಟಿದ ಕಾರ್ಡುಗಳು ಒಂದರ ಹಿಂದೆ ಒಂದು ಬರುವುದು. ಜಾಝ್ ಹಾಡುಗಳಲ್ಲಿ ಇದು ಸಾರಿಗೆ ಒಗ್ಗರಣೆ ಇದ್ದ ಹಾಗೆ, ಎಲ್ಲ ಕಡೆ ಇರುತ್ತದೆ. ಜಿ ಸ್ಕೇಲಿನಲ್ಲಿ ಅದು ಎ ಮೈನರ್ ಸೆವೆನ್ತ್, ಡಿ ಸೆವೆನ್ತ್, ಜಿ ಮೇಜರ್.

ಮ್ಯಾಂಡೊಲಿನ್‌ನಲ್ಲಿ ಇದು ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ. ದಪ್ಪಗಿನ ಮೂರು ತಂತಿ ಮಾತ್ರ ಬಳಸಿ.

ಎ ಮೈನರ್ ಸೆವೆನ್ತ್: 2-5-3
ಡಿ ಸೆವೆನ್ತ್: 2-4-3
ಜಿ ಮೇಜರ್: 2-4-2

ಪ್ರತಿ ಸಲ ಬದಲಾಗುವುದು ಒಂದು ಬೆರಳು ಮಾತ್ರ, ಅದೂ ಒಂದೇ ಫ್ರೆಟ್ ಕೆಳಗೆ. ಕೊನೆಯದರಲ್ಲಿ ದಪ್ಪ ತಂತಿಯಲ್ಲಿ ಎ ಸ್ವರವೇ ಉಳಿದಿರುವುದರಿಂದ ಅದು ಶುದ್ಧ ಜಿ ಮೇಜರ್ ಅಲ್ಲ, ನೈನ್ತ್ (ಒಂಬತ್ತನೇ ಸ್ವರ) ಸೇರಿದ ಕಾರ್ಡ್. ಅದಕ್ಕೇ ಜಾಝ್ ವಾಸನೆ ಬರುತ್ತದೆ. ಎರಡು ಫ್ರೆಟ್ ಮೇಲೆ ಸರಿಸಿ: 4-7-5, 4-6-5, 4-6-4. ಎ ಸ್ಕೇಲ್ ಆಯಿತು. ಹೀಗೆ ಸರಿಸುತ್ತಾ ಹೋದರೆ ಬೇಕಾದ ಸ್ಕೇಲ್ ಸಿಗುತ್ತದೆ. ಖಾಲಿ ತಂತಿ ಒಂದೂ ಇಲ್ಲವಲ್ಲ, ಅದೇ ಇದರ ಗುಟ್ಟು.

ಬ್ಲೂಗ್ರಾಸ್‌ನಲ್ಲಿ ಖಾಲಿ ತಂತಿ ಬಳಸ್ತೀವಿ, ಜಾಝ್‌ನಲ್ಲಿ ಬೇಡ ಅಂತಾರೆ. ಯಾಕೆ?

ಬ್ಲೂಗ್ರಾಸ್‌ನಲ್ಲಿ ಫಿಡ್ಲ್ ಮಟ್ಟುಗಳು ಹೆಚ್ಚಾಗಿ ಜಿ, ಡಿ, ಎ ಸ್ಕೇಲುಗಳಲ್ಲಿ ಇರುತ್ತವೆ. ಅಲ್ಲಿ ಖಾಲಿ ತಂತಿ ಝೇಂಕಾರ ಕೊಡುತ್ತದೆ, ಬಿಟ್ಟರೆ ನಷ್ಟ. ಜಾಝ್‌ನಲ್ಲಿ ಸ್ಯಾಕ್ಸೊಫೋನ್, ಟ್ರಂಪೆಟ್‌ನವರ ಅನುಕೂಲಕ್ಕೆ ಬಿ ಫ್ಲ್ಯಾಟ್, ಇ ಫ್ಲ್ಯಾಟ್, ಎಫ್ ಜಾಸ್ತಿ. ಅಲ್ಲಿ ನಮ್ಮ ಖಾಲಿ ತಂತಿಗಳು ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಕಿರುಬೆರಳು ದುಡಿಯಬೇಕು.

ಆದರೆ ಬ್ಲೂಗ್ರಾಸ್‌ನಲ್ಲೂ ಸುಮ್ನೆ ನಂಬಿಕೊಂಡು ಕೂರಬೇಡಿ. ನಾನು ಮೊದಲ ಸಲ, ಎಲ್ಲರೂ ಸೇರಿ ನುಡಿಸುವ ಜ್ಯಾಮ್‌ಗೆ ಹೋದಾಗ ಗೊತ್ತಿದ್ದದ್ದು ಖಾಲಿ ತಂತಿಯ ಜಿ, ಸಿ, ಡಿ. ಹಾಡುವ ಅಜ್ಜಿಯೊಬ್ಬರು ನಗುತ್ತಾ 'ಬಿ' ಅಂದರು. ಗಿಟಾರಿನವರು ಕೇಪೊ (ತಂತಿಗಳನ್ನೆಲ್ಲ ಒಂದು ಫ್ರೆಟ್ ಹತ್ತಿರ ಒತ್ತಿ ಹಿಡಿಯುವ ಕ್ಲಿಪ್) ಹಾಕಿಕೊಂಡರು, ಬ್ಯಾಂಜೊದವರೂ ಹಾಕಿಕೊಂಡರು. ಮ್ಯಾಂಡೊಲಿನ್‌ನವರು ಸಾಮಾನ್ಯವಾಗಿ ಕೇಪೊ ಹಾಕುವುದಿಲ್ಲ. ನಾನು ಇಡೀ ಹಾಡು ಶ್ರುತಿ ಮಾಡುವವನಂತೆ ತಲೆ ಬಗ್ಗಿಸಿ ಕೂತಿದ್ದೆ. ಜಿ ಆಕಾರವನ್ನು ನಾಲ್ಕು ಫ್ರೆಟ್ ಮೇಲೆ ತಂದು 11-9-6-7 ಹಿಡಿದರೆ ಬಿ ಬರುತ್ತಿತ್ತು. ಮನೆಗೆ ಹೋದ ಮೇಲೆ ಹೊಳೆಯಿತು.

ಪಿಕ್ (ತಂತಿ ಮೀಟುವ ಚಿಪ್ಪು) ಹೇಗೆ ಓಡಿಸಬೇಕು? ಸ್ವಿಂಗ್ ಅಂದರೇನು?

ನಿಯಮ ಒಂದೇ: ಎಣಿಕೆಯ ಮೇಲೆ ಕೆಳಗೆ, ಎಣಿಕೆಗಳ ನಡುವೆ ಮೇಲೆ. ಸ್ವರ ಇಲ್ಲದ ಕಡೆಯೂ ಕೈ ಗಾಳಿಯಲ್ಲಿ ಆಡುತ್ತಲೇ ಇರಬೇಕು. ಬಟ್ಟೆ ಹೊಲಿಯುವ ಮಿಷನ್ ಸೂಜಿ ನೋಡಿದ್ದೀರಲ್ಲ, ಹಾಗೆ.

ಲಯದ ವ್ಯತ್ಯಾಸ ನಮ್ಮ ಕೊನ್ನಕೋಲಿನಲ್ಲೇ ಹೇಳಿಬಿಡಬಹುದು. ಬ್ಲೂಗ್ರಾಸ್ ಓಡುವುದು 'ತಕಧಿಮಿ ತಕಧಿಮಿ' ಅಂತ, ಸಮಸಮವಾಗಿ. ಜಾಝ್ ಸ್ವಿಂಗ್‌ಗೆ 'ತಕಿಟ ತಕಿಟ' ಹೇಳಿ, ಆದರೆ 'ಕಿ'ಯನ್ನು ನುಂಗಿ: ತ...ಟ, ತ...ಟ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ವೇಗ ಹೆಚ್ಚಾದ ಹಾಗೆ ಈ ಕುಂಟು ಕಡಿಮೆಯಾಗಿ ಬಹುತೇಕ ಸಮವಾಗುತ್ತದೆ. ನಿಧಾನ ಹಾಡಲ್ಲಿ ಮಾತ್ರ ಪೂರ್ತಿ ತಿಶ್ರ. ನಮ್ಮವರು ಇದನ್ನು ಕಲಿತ ಹೊಸದರಲ್ಲಿ ವೇಗದ ಹಾಡಲ್ಲೂ ಕುಂಟಿಸಿ ಕುಂಟಿಸಿ ನುಡಿಸುತ್ತಾರೆ. ಎತ್ತಿನ ಗಾಡಿ ಹೈವೇಗೆ ಬಂದ ಹಾಗೆ.

ಒಂದು ಅಭ್ಯಾಸ ಹೇಳುತ್ತೇನೆ. ನಿಮಗೆ ಬಾಯಿಪಾಠ ಬರುವ ಸರಳೆ ವರಸೆ ಒಂದನ್ನು ತಗೊಳ್ಳಿ. ಮೊದಲು ಸಮವಾಗಿ, ಆಮೇಲೆ ಸ್ವಿಂಗ್‌ನಲ್ಲಿ. ಎಡಗೈಗೆ ಹೊಸದೇನೂ ಇಲ್ಲ. ಗಮನವೆಲ್ಲ ಬಲಗೈ ಮೇಲೆ ಇರಬಹುದು.

ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ತೋರಿಸುವ ಸಾಧನ) ಬೇಕೇ ಬೇಕಾ?

ಬೇಕು. ಆದರೆ ಅದನ್ನು 1ಕ್ಕೆ ಹೊಂದಿಸಬೇಡಿ. ನಿಮಿಷಕ್ಕೆ 50ಕ್ಕೆ ಇಟ್ಟು, ಪ್ರತಿ 'ಟಿಕ್' 2 ಮತ್ತು 4 ಅಂದುಕೊಳ್ಳಿ. ನಿಜವಾದ ವೇಗ 100 ಆಯಿತು. ಬ್ಲೂಗ್ರಾಸ್‌ನಲ್ಲಿ ಆ ಟಿಕ್ ಚಾಪ್ ಆಗುತ್ತದೆ, ಜಾಝ್‌ನಲ್ಲಿ ಡ್ರಮ್ಮರ್ ಕಾಲಲ್ಲಿ ಮುಚ್ಚುವ ಹೈ-ಹ್ಯಾಟ್ (ಜೋಡಿ ತಾಳ) ಆಗುತ್ತದೆ. ಒಂದೇ ಟಿಕ್, ಎರಡು ಮನೆಗೂ ಸಲ್ಲುತ್ತದೆ. ತಾಳದಲ್ಲಿ ಸಮಕ್ಕೆ ತೂಕ ಕೊಟ್ಟು ಬೆಳೆದ ನಮಗೆ ಮೊದಲು ತಲೆ ತಿರುಗುತ್ತದೆ. ಹತ್ತು ದಿನ ಕೊಡಿ.

ಕರ್ನಾಟಕ ಸಂಗೀತ ಕಲಿತಿದ್ದರೆ ಉಪಯೋಗ ಆಗುತ್ತಾ, ತೊಂದರೆ ಆಗುತ್ತಾ?

ಎರಡೂ ಆಗುತ್ತದೆ. ಕಿವಿ, ಲಯ, ಪಟ್ಟು ಹಿಡಿದು ಕೂರುವ ಅಭ್ಯಾಸ ಇವೆಲ್ಲ ದೊಡ್ಡ ಬಂಡವಾಳ. ಸ್ಕೇಲುಗಳ ಹೆಸರು ನೋಡಿ ಹೆದರಬೇಕಿಲ್ಲ. ಮೇಜರ್ ಅಂದರೆ ಶಂಕರಾಭರಣದ ಸ್ವರಗಳು. ಮಿಕ್ಸೊಲಿಡಿಯನ್ ಅಂದರೆ ಹರಿಕಾಂಭೋಜಿ. ಡೋರಿಯನ್ ಅಂದರೆ ಖರಹರಪ್ರಿಯ. ಜಾಝ್‌ನವರು ಬಳಸುವ ಮೆಲಾಡಿಕ್ ಮೈನರ್ ನಮ್ಮ ಗೌರಿಮನೋಹರಿ. ಬ್ಲೂಗ್ರಾಸ್ ಸೋಲೊಗಳಲ್ಲಿ ಮೋಹನದ ಸ್ವರಗಳು ಧಾರಾಳ. ಅದಕ್ಕೆ ಸಾಧಾರಣ ಗಾಂಧಾರವನ್ನು ಒಂದು ಚಿಟಿಕೆ ಸೇರಿಸಿ ಅಂತರ ಗಾಂಧಾರಕ್ಕೆ ಜಾರಿಸಿ, ಕೆಂಟಕಿ ವಾಸನೆ ಬರುತ್ತದೆ. ಒಂದೇ ಇರುವುದು ಸ್ವರಸ್ಥಾನ ಮಾತ್ರ. ರಾಗವೂ ಒಂದೇ ಅಂತ ಯಾರ ಮುಂದೆಯೂ ಹೇಳಬೇಡಿ, ನಮ್ಮ ಮೇಷ್ಟ್ರ ಮುಂದಂತೂ ಬೇಡವೇ ಬೇಡ.

ತೊಂದರೆ ಏನೆಂದರೆ, ಪಿಟೀಲನ್ನು ನಾವು ಸ-ಪ-ಸ-ಪ ಅಂತ ಶ್ರುತಿ ಮಾಡುತ್ತೇವೆ. ಕೆಳಗಿನ ಎರಡು ತಂತಿಯಲ್ಲಿ ಇಟ್ಟ ಬೆರಳೇ ಮೇಲಿನ ಎರಡು ತಂತಿಯಲ್ಲೂ ನಡೆಯುತ್ತದೆ. ಮ್ಯಾಂಡೊಲಿನ್ ಪಾಶ್ಚಾತ್ಯ ಪಿಟೀಲಿನ ಹಾಗೆ ಜಿ-ಡಿ-ಎ-ಇ. ಪ್ರತಿ ತಂತಿಗೂ ಒಂದು ಪಂಚಮದ ಅಂತರ. ಮಧ್ಯದಲ್ಲಿ ಡಿಯಿಂದ ಎಗೆ ಹೋಗುವಾಗ ನನ್ನ ಬೆರಳು ಮೂರು ತಿಂಗಳು ತಪ್ಪಿತು.

ಯು. ಶ್ರೀನಿವಾಸ್ (1969-2014) ಮ್ಯಾಂಡೊಲಿನ್‌ನಲ್ಲಿ ಗಮಕ ತಂದರಲ್ಲ ಅಂತ ಕೇಳುತ್ತೀರಿ. ಅವರದು ಬೇರೆ ವಾದ್ಯ ಅಂತಲೇ ಹೇಳಬೇಕು: ಎಲೆಕ್ಟ್ರಿಕ್, ಜೋಡಿ ತಂತಿ ಇಲ್ಲ, ಐದು ಒಂಟಿ ತಂತಿ. ಎಂಟು ತಂತಿಯ ಬ್ಲೂಗ್ರಾಸ್ ಮ್ಯಾಂಡೊಲಿನ್‌ನಲ್ಲಿ ಆ ಎಳೆತ ಬರುವುದಿಲ್ಲ. ಬೇಕಿದ್ದರೆ ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಜಾರಿ. ಅವರು ಗಿಟಾರಿನ ಜಾನ್ ಮೆಕ್‌ಲಾಫ್ಲಿನ್ ಜೊತೆ 'ರಿಮೆಂಬರ್ ಶಕ್ತಿ' ತಂಡದಲ್ಲಿ ನುಡಿಸಿದ್ದನ್ನು ಮಾತ್ರ ಕೇಳಿಯೇ ಕೇಳಿ.

ಯಾವ ಹಾಡಿನಿಂದ ಶುರು ಮಾಡಲಿ?

ಬ್ಲೂಗ್ರಾಸ್ ಕಡೆಯಿಂದ 'ಓಲ್ಡ್ ಜೋ ಕ್ಲಾರ್ಕ್'. ಎ ಸ್ಕೇಲ್, ಆದರೆ ನಿಷಾದ ಹರಿಕಾಂಭೋಜಿಯದು. ಎರಡು ಭಾಗ, ತಲಾ ಎಂಟು ಆವರ್ತ (ನಾಲ್ಕೆಣಿಕೆಗೆ ಒಂದು), ಪ್ರತಿ ಭಾಗ ಎರಡೆರಡು ಸಲ. ಒಟ್ಟು 32. ಜಾಝ್‌ನಲ್ಲೂ ಎಷ್ಟೋ ಹಾಡುಗಳು ಇದೇ 32 ಆವರ್ತದವು.

ಎರಡೂ ಕಡೆಯವರು ನುಡಿಸುವ ಹಾಡು ಬೇಕು ಅಂದರೆ 1925ರ 'ಸ್ವೀಟ್ ಜಾರ್ಜಿಯಾ ಬ್ರೌನ್'. ಎಫ್ ಸ್ಕೇಲಿನಲ್ಲಿ ಡಿ ಸೆವೆನ್ತ್, ಜಿ ಸೆವೆನ್ತ್, ಸಿ ಸೆವೆನ್ತ್, ತಲಾ ನಾಲ್ಕು ಆವರ್ತ, ಆಮೇಲೆ ಎಫ್. ಮಧ್ಯದ ಎರಡು ತಂತಿ, ಅಂದರೆ ಡಿ ಮತ್ತು ಎ ಮಾತ್ರ ಹಿಡಿಯಿರಿ: 4-3, ಆಮೇಲೆ 3-2, ಆಮೇಲೆ 2-1. ಎಫ್ ಬಂದಾಗ 3-0. ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಫ್ರೆಟ್ ಕೆಳಗೆ. ಒಂದು ಸುತ್ತು 2 ಮತ್ತು 4ರಲ್ಲಿ ಚಾಪ್ ಹೊಡೆಯಿರಿ, ಮುಂದಿನ ಸುತ್ತು ನಾಲ್ಕೇಟು. ನನ್ನ ಅಭ್ಯಾಸದಲ್ಲಿ ಇದಕ್ಕಿಂತ ಲಾಭದ ಹದಿನೈದು ನಿಮಿಷ ಇನ್ನೊಂದಿಲ್ಲ.

ದಿನಕ್ಕೆ ಎಷ್ಟು ಹೊತ್ತು?

ಕೆಲಸ, ಮಕ್ಕಳು, ಊಟ ಎಲ್ಲ ಮುಗಿಸಿ ನಲವತ್ತು ನಿಮಿಷ ಸಿಕ್ಕರೆ ಪುಣ್ಯ. ನಾನು ಐದು ನಿಮಿಷ ಶ್ರುತಿಗೆ, ಹತ್ತು ನಿಮಿಷ ಬಲಗೈಗೆ, ಉಳಿದದ್ದು ಒಂದೇ ಒಂದು ಹಾಡಿಗೆ ಕೊಡುತ್ತೇನೆ. ಅದೇ ಹಾಡನ್ನು ವಾರವಿಡೀ. ಮೊದಲ ಮೂರು ದಿನ ಬ್ಲೂಗ್ರಾಸ್ ಥರ, ಮುಂದಿನ ಮೂರು ದಿನ ಸ್ವಿಂಗ್. ಭಾನುವಾರ ರೆಕಾರ್ಡ್ ಮಾಡಿ ಕೇಳುವುದು, ಬೇಜಾರು ಮಾಡಿಕೊಳ್ಳುವುದು. ವಾರಕ್ಕೊಮ್ಮೆ ನಾಲ್ಕು ಗಂಟೆ ಕೂರುವುದಕ್ಕಿಂತ ದಿನಾ ಇಪ್ಪತ್ತು ನಿಮಿಷ ಮೇಲು.

ವೇಗ ಬರ್ತಾ ಇಲ್ಲ. ಏನು ಮಾಡಲಿ?

ಜ್ಯಾಮ್‌ನಲ್ಲಿ ನಿಮಿಷಕ್ಕೆ 120 ಚಾಪ್ ದಾಟಿದ ಹಾಡುಗಳು ಇರುತ್ತವೆ, ನಿಜ. ಆದರೆ ವೇಗ ಬಾರದಿರಲು ಕಾರಣ ಸಾಮಾನ್ಯವಾಗಿ ಬೆರಳಲ್ಲ, ಬಿಗಿ. ಪಿಕ್ಕನ್ನು ಹಕ್ಕಿಮರಿ ಹಿಡಿದಂತೆ ಹಿಡಿಯಿರಿ. ಮಣಿಕಟ್ಟು ಆಡಬೇಕು, ಮೊಣಕೈ ಅಲ್ಲ. ಪಿಕ್ ತಂತಿಯಿಂದ ಎಷ್ಟು ದೂರ ಹೋಗುತ್ತಿದೆ ಅಂತ ಕನ್ನಡಿಯಲ್ಲಿ ನೋಡಿ. ಅರ್ಧ ಇಂಚು ಹೋಗುತ್ತಿದ್ದರೆ ಅಲ್ಲೇ ಇದೆ ನಿಮ್ಮ ವೇಗ. ನಮ್ಮ ಮೂರು ಕಾಲದ ಪದ್ಧತಿ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ: ಟಿಕ್ ಬದಲಿಸದೆ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ.

ಮ್ಯಾಂಡೊಲಿನ್ ಯಾವುದು ತಗೊಳ್ಳಲಿ? ಎರಡಕ್ಕೂ ಒಂದೇ ಸಾಕಾ?

ಒಂದೇ ಸಾಕು. ಹಂಡೆಯಂತೆ ಸರಳ ಆಕಾರದ್ದನ್ನು ಎ-ಸ್ಟೈಲ್ ಅಂತಾರೆ, ಸುರುಳಿ ಇರುವುದನ್ನು ಎಫ್-ಸ್ಟೈಲ್ ಅಂತಾರೆ. ಸುರುಳಿಗೆ ದುಡ್ಡು ಜಾಸ್ತಿ, ಸದ್ದಿಗೆ ಅದರಿಂದ ದೊಡ್ಡ ವ್ಯತ್ಯಾಸ ಇಲ್ಲ. ದುಂಡನೆ ತೂತಿನ ಬದಲು ಪಿಟೀಲಿನ ಹಾಗೆ ಎಫ್ ಅಕ್ಷರದ ಆಕಾರದ ಎರಡು ತೂತು ಇರುವುದನ್ನು ತಗೊಳ್ಳಿ. ಚಾಪ್ ಒಣದಾಗಿ ಬರುತ್ತದೆ. ಈ ವಿನ್ಯಾಸ ಗಿಬ್ಸನ್ ಕಂಪನಿಯಲ್ಲಿ ಲಾಯ್ಡ್ ಲೋರ್ ಇದ್ದಾಗ, 1920ರ ದಶಕದ ಶುರುವಿನಲ್ಲಿ ಬಂದದ್ದು. ಮನ್ರೋ 1940ರ ದಶಕದಿಂದ ಕೊನೆಯವರೆಗೂ ಮುಖ್ಯವಾಗಿ ನುಡಿಸಿದ್ದು 1923ರ ಎಫ್-5 ಮಾದರಿ. ಲೋರ್ ಅದನ್ನು ಮಾಡಿದ್ದು ಶಾಸ್ತ್ರೀಯ ಸಂಗೀತದವರಿಗೆ ಅನ್ನುವುದು ತಮಾಷೆ. ಈಸ್ಟ್‌ಮನ್, ಕೆಂಟಕಿ ಬ್ರಾಂಡುಗಳ ಎ-ಸ್ಟೈಲ್ ಮ್ಯಾಂಡೊಲಿನ್‌ಗಳು ಹೊಸಬರಿಗೆ ಧಾರಾಳ ಸಾಕು.

ನನ್ನ ಮೊದಲ ವಾದ್ಯ ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ್ದು. ತಂತಿ ಫ್ರೆಟ್‌ನಿಂದ ಎಷ್ಟು ಎತ್ತರ ಇತ್ತೆಂದರೆ ಕೆಳಗೆ ಪೆನ್ಸಿಲ್ ತೂರಿಸಬಹುದಿತ್ತು. ಮೂರು ವಾರ ನನ್ನ ಬೆರಳೇ ಸರಿ ಇಲ್ಲ ಅಂದುಕೊಂಡಿದ್ದೆ. ಕೊಂಡ ತಕ್ಷಣ ಗಿಟಾರ್ ರಿಪೇರಿ ಮಾಡುವವರ ಹತ್ತಿರ ಕೊಟ್ಟು ಎತ್ತರ ಸರಿ ಮಾಡಿಸಿ.

ತಂತಿ ಬದಲಾಯಿಸುವಾಗ ಎಂಟನ್ನೂ ಒಟ್ಟಿಗೆ ಬಿಚ್ಚಬೇಡಿ. ಬ್ರಿಡ್ಜ್ (ತಂತಿಗಳನ್ನು ಹೊತ್ತಿರುವ ಮರದ ಕುದುರೆ) ಅಂಟಿಸಿರುವುದಿಲ್ಲ, ತಂತಿಯ ಒತ್ತಡದಲ್ಲಿ ನಿಂತಿರುತ್ತದೆ. ಎಲ್ಲ ಬಿಚ್ಚಿದರೆ ಬಿದ್ದುಹೋಗುತ್ತದೆ, ಆಮೇಲೆ ಸ್ವರಸ್ಥಾನ ಸಿಗುವುದಿಲ್ಲ.

ತಂತಿ, ಪಿಕ್ ವಿಷಯ: ಬ್ಲೂಗ್ರಾಸ್‌ಗೆ ಫಾಸ್ಫರ್ ಬ್ರಾಂಝ್ ತಂತಿ, ಡಿ'ಅಡಾರಿಯೊ ಜೆ74 ಸಾಮಾನ್ಯ. ಜಾಝ್‌ನವರಲ್ಲಿ ಕೆಲವರು ಫ್ಲ್ಯಾಟ್‌ವೌಂಡ್ ಹಾಕುತ್ತಾರೆ. ಅದು ನುಣುಪು, ಸದ್ದು ಮೆತ್ತಗೆ. ಆದರೆ ಚಾಪ್‌ನ ಕಾರ ಇಳಿದುಹೋಗುತ್ತದೆ. ಪಿಕ್ ದಪ್ಪಗಿರಲಿ, ಸುಮಾರು 1.4 ಮಿಲಿಮೀಟರ್. ಬ್ಲೂಗ್ರಾಸ್‌ಗೆ ಮೂಲೆಯಿಂದ, ಜಾಝ್‌ಗೆ ಅದೇ ಪಿಕ್ಕಿನ ದುಂಡು ಬದಿಯಿಂದ ಹೊಡೆಯಿರಿ. ಒಂದು ಪೈಸೆ ಖರ್ಚಿಲ್ಲದ ಬದಲಾವಣೆ.

ಶ್ರುತಿ ನಿಲ್ಲೋದೇ ಇಲ್ಲವಲ್ಲ!

ಮ್ಯಾಂಡೊಲಿನ್‌ನವರು ಅರ್ಧ ಆಯಸ್ಸು ಶ್ರುತಿ ಮಾಡುತ್ತಾರೆ, ಉಳಿದರ್ಧ ಅಪಶ್ರುತಿಯಲ್ಲಿ ನುಡಿಸುತ್ತಾರೆ ಅಂತ ಇಲ್ಲಿ ಒಂದು ಹಳೆಯ ಗೇಲಿ. ಜೋಡಿಯಲ್ಲಿ ಒಂದು ತಂತಿಯನ್ನು ಟ್ಯೂನರ್ ನೋಡಿ ಕೂಡಿಸಿ. ಇನ್ನೊಂದನ್ನು ಕಿವಿಯಿಂದ ಅದಕ್ಕೆ ಸೇರಿಸಿ, ತಂಬೂರಿ ಸೇರಿಸುವ ಹಾಗೆ. 'ವಂವ್ ವಂವ್' ಅಲೆ ನಿಂತಾಗ ಸೇರಿತು. ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಏರಿಸಿ ನಿಲ್ಲಿಸಿ.

ಸೋಲೊ ಬಂದಾಗ ತಲೆ ಖಾಲಿ ಆಗುತ್ತೆ.

ಎಲ್ಲರಿಗೂ ಆಗುತ್ತದೆ. ಬ್ಲೂಗ್ರಾಸ್‌ನಲ್ಲಿ ಮರ್ಯಾದೆ ಉಳಿಸಿಕೊಳ್ಳುವ ಉಪಾಯ: ಹಾಡಿನ ಮಟ್ಟನ್ನೇ ನುಡಿಸಿ. ಉದ್ದ ಸ್ವರ ಬಂದ ಕಡೆ ಟ್ರೆಮೊಲೊ ಹಾಕಿ, ಅಂದರೆ ಅದೇ ಸ್ವರವನ್ನು ಬೇಗ ಬೇಗ ಮತ್ತೆ ಮತ್ತೆ ಮೀಟಿ. ಅಲ್ಲಿ ಜನ ಹಾಡು ಗುರುತು ಸಿಗಲಿ ಅಂತಲೇ ಬಯಸುತ್ತಾರೆ. ಜಾಝ್‌ನಲ್ಲಿ ಕಾರ್ಡ್ ಬದಲಾಗುವ ಜಾಗಕ್ಕೆ ಸರಿಯಾದ ಸ್ವರದಲ್ಲಿ ಇಳಿಯುವುದು ಮುಖ್ಯ. ಮೇಲೆ ಹೇಳಿದ 4-3, 3-2, 2-1 ಜೋಡಿಗಳಿವೆಯಲ್ಲ, ಆ ಆರು ಸ್ವರಗಳೇ ನಿಮ್ಮ ನಿಲ್ದಾಣಗಳು. ನಡುವಿನ ದಾರಿ ಹೇಗಾದರೂ ಇರಲಿ, ನಿಲ್ದಾಣಕ್ಕೆ ಸಮಯಕ್ಕೆ ಬನ್ನಿ. ಟ್ರೆಮೊಲೊ ಮಾತ್ರ ಜಾಝ್‌ನಲ್ಲಿ ಉಪ್ಪಿನ ಹಾಗೆ, ಕಡಿಮೆ ಬಳಸಿ.

ಯಾರ ನುಡಿಸಾಣಿಕೆ ಕೇಳಲಿ?

ಮನ್ರೋ ಅವರಿಂದ ಶುರು. ಆಮೇಲೆ ಸ್ಯಾಮ್ ಬುಷ್, ಅವರ ಚಾಪ್ ಕೇಳಲೇಬೇಕು. ಜಾಝ್‌ಗೆ ಜೆತ್ರೋ ಬರ್ನ್ಸ್ (1920-1989). 'ಹೋಮರ್ ಆ್ಯಂಡ್ ಜೆತ್ರೋ' ಅಂತ ನಗೆಹಾಡು ಹಾಡುವ ಜೋಡಿಯಲ್ಲಿದ್ದರು. ಜನ ನಗೋಕೆ ಬರುತ್ತಿದ್ದರು, ಇವರು ನಡುವೆ ಜಾಝ್ ನುಡಿಸಿ ಕಳಿಸುತ್ತಿದ್ದರು. ಗಿಟಾರಿನ ಚೆಟ್ ಅಟ್ಕಿನ್ಸ್ ಇವರ ಷಡ್ಡಕ. ಅಕ್ಕ-ತಂಗಿ ಅವಳಿಗಳನ್ನು ಇಬ್ಬರೂ ಮದುವೆಯಾಗಿದ್ದರು. 'ಷಡ್ಡಕ' ಅನ್ನೋಕೆ ಇಂಗ್ಲಿಷಿನಲ್ಲಿ ಪದವೇ ಇಲ್ಲದೆ ಇಲ್ಲಿನ ಗೆಳೆಯರಿಗೆ ವಿವರಿಸೋಕೆ ಹತ್ತು ನಿಮಿಷ ಬೇಕಾಯಿತು.

ಎರಡನ್ನೂ ಬೆರೆಸಿದವರಲ್ಲಿ ಡೇವಿಡ್ ಗ್ರಿಸ್ಮನ್ ಮುಖ್ಯ. 1977ರಲ್ಲಿ ಅವರ ಐವರ ತಂಡದ ಮೊದಲ ಆಲ್ಬಂ ಬಂತು. ಬ್ಯಾಂಜೊ ಇಲ್ಲ, ಡ್ರಮ್ ಇಲ್ಲ, ಬ್ಲೂಗ್ರಾಸ್ ವಾದ್ಯಗಳಲ್ಲಿ ಸ್ವಿಂಗ್. ಅದಕ್ಕೆ ತಮ್ಮ ಅಡ್ಡಹೆಸರಿನ ಮೇಲೆ 'ಡಾಗ್ ಮ್ಯೂಸಿಕ್' ಅಂತಲೇ ಕರೆದರು. ನಮ್ಮಮ್ಮ ಫೋನಲ್ಲಿ 'ನಾಯಿ ಸಂಗೀತಾನ?' ಅಂತ ಕೇಳಿ ಸುಮ್ಮನಾದರು. ಈಗಿನವರಲ್ಲಿ ಕ್ರಿಸ್ ಥೀಲಿ. 2017ರಲ್ಲಿ ಜಾಝ್ ಪಿಯಾನೊದ ಬ್ರ್ಯಾಡ್ ಮೆಲ್ಡಾವ್ ಜೊತೆ ಅವರು ತಂದ ಆಲ್ಬಂನಲ್ಲಿ ಇರುವುದು ಇಬ್ಬರೇ. ಮ್ಯಾಂಡೊಲಿನ್ ಎಲ್ಲಿ ಸುಮ್ಮನಿರುತ್ತದೆ ಅಂತ ಗಮನಿಸಿ.

ಜ್ಯಾಮ್‌ಗೆ ಹೋದಾಗ ಹೇಗೆ ನಡೆದುಕೊಳ್ಳಬೇಕು?

ಬ್ಲೂಗ್ರಾಸ್ ಜ್ಯಾಮ್‌ನಲ್ಲಿ ಎಲ್ಲರೂ ಸುತ್ತ ಕೂರುತ್ತಾರೆ. ಸೋಲೊ ಸರದಿ ವೃತ್ತದಲ್ಲಿ ಬರುತ್ತದೆ. ಬೇಡವಾದರೆ ತಲೆ ಅಲ್ಲಾಡಿಸಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಯಾರಾದರೂ ಹಾಡುವಾಗ ಚಾಪ್ ಮೆಲ್ಲಗೆ. ಹಾಡು ಮುಗಿಸುವವರು ಒಂದು ಕಾಲೆತ್ತುತ್ತಾರೆ, ಕಣ್ಣು ಅಲ್ಲಿರಲಿ. ಇಬ್ಬರು ಮ್ಯಾಂಡೊಲಿನ್‌ನವರು ಇದ್ದರೆ ಒಬ್ಬರು ಮಾತ್ರ ಚಾಪ್ ಹೊಡೆಯಿರಿ. ಜಾಝ್ ಜ್ಯಾಮ್‌ನಲ್ಲಿ ತಲೆ ಮುಟ್ಟಿ ತೋರಿಸಿದರೆ ಮಟ್ಟಿಗೆ ವಾಪಸ್ ಬನ್ನಿ ಅಂತ ಅರ್ಥ. ಅಲ್ಲಿ ಪಿಯಾನೊ ಇದ್ದರೆ ನೀವು ಕಾರ್ಡ್ ನುಡಿಸದೆ ಇರುವುದೇ ದೊಡ್ಡ ಉಪಕಾರ.

ಕೈ ನೋಯುತ್ತಿದೆ. ಹೀಗೇ ಇರುತ್ತಾ?

ಬೆರಳ ತುದಿ ಉರಿಯುವುದು ಸಹಜ, ಮೂರು ವಾರದಲ್ಲಿ ಗಟ್ಟಿಯಾಗುತ್ತದೆ. ಮಣಿಕಟ್ಟು, ಹೆಬ್ಬೆರಳ ಬುಡ ನೋಯುತ್ತಿದ್ದರೆ ಅವತ್ತೇ ನಿಲ್ಲಿಸಿ. ನಾನು ಹಠಕ್ಕೆ ಬಿದ್ದು ನುಡಿಸಿ ಎರಡು ತಿಂಗಳು ಚಪಾತಿ ಹಿಟ್ಟು ನಾದೋಕೂ ಆಗದೆ ಕೂತೆ. ಮನೆಯಲ್ಲಿ ಯಾರೂ ನಂಬಲಿಲ್ಲ, ಅದು ಬೇರೆ ಮಾತು. ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಅಪಾರ್ಟ್‌ಮೆಂಟ್‌ನಲ್ಲಿ ಇದ್ದೇವೆ. ರಾತ್ರಿ ನುಡಿಸಿದರೆ ಪಕ್ಕದವರು ಬಾಗಿಲು ತಟ್ಟುತ್ತಾರೆ.

ಬ್ರಿಡ್ಜ್‌ನ ಪಕ್ಕ, ತಂತಿಗಳ ಕೆಳಗೆ ಹಳೆಯ ಬನಿಯನ್ ತುಂಡೊಂದನ್ನು ಮಡಚಿ ತೂರಿಸಿ. ಸದ್ದು ಕಾಲುಭಾಗಕ್ಕೆ ಇಳಿಯುತ್ತದೆ, ಸ್ವರ ಮಾತ್ರ ನಿಮಗೆ ಸಾಕಷ್ಟು ಕೇಳುತ್ತದೆ. ಉದ್ದ ಸ್ವರದ ಅಭ್ಯಾಸ ಇದರಲ್ಲಿ ಆಗುವುದಿಲ್ಲ, ಅದನ್ನು ಶನಿವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಪಿಕ್ ಓಡಿಸುವುದು, ಚಾಪ್‌ನ ಜಾಗ, 2-5-3ರಿಂದ 2-4-3ಕ್ಕೆ ಇಳಿಯುವುದು ಎಲ್ಲ ಆಗುತ್ತದೆ. ನನ್ನ ಮಗಳು ಪಕ್ಕದ ಕೋಣೆಯಲ್ಲೇ ಮಲಗುತ್ತಾಳೆ. ಬನಿಯನ್ ಇದ್ದ ದಿನ ಎದ್ದಿಲ್ಲ. ಮರೆತ ದಿನ 'ಅಪ್ಪಾ, ನಾಯಿ ಮ್ಯೂಸಿಕ್ ನಿಲ್ಸು' ಅಂತ ಕೂಗು ಬರುತ್ತದೆ.